ವಯಸ್ಸಾದವರು ಬಿದ್ದಾಗ ನೆಲವನ್ನಷ್ಟೇ ನೋಡಬೇಕೆ, ನಾಡಿಯನ್ನೂ ನೋಡಬೇಕೆ?

ಪಾಂಡವಪುರದ ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ ಈಗ 78 ವರ್ಷ. ಪಾಂಡವಪುರ ತಾಲ್ಲೂಕಿನ ನಮ್ಮ ಊರಿನಲ್ಲಿ ಅಣ್ಣ ಅತ್ತಿಗೆಯ ಜೊತೆಗಿದ್ದಾರೆ. ನಾನು ಮೈಸೂರಿನಲ್ಲಿರುವುದರಿಂದ ಆಸ್ಪತ್ರೆಯ ಓಡಾಟವೆಲ್ಲ ನನ್ನದು. ಅವರಿಗೆ ರಕ್ತದೊತ್ತಡವಿದೆ. ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆಯೂ ಇದೆ, ಅದು ಬಂದು ಹೋಗುವ ಬಗೆಯದು ಎಂದು ವೈದ್ಯರು ಹೇಳಿ, ಬಡಿತ ತಗ್ಗಿಸಲು ಮೆಟೊಪ್ರೊಲಾಲ್ ಮಾತ್ರೆಯನ್ನೂ ರಕ್ತ ಹೆಪ್ಪುಗಟ್ಟದಿರಲು ಎಪಿಕ್ಸಾಬಾನ್ ಮಾತ್ರೆಯನ್ನೂ ಕೊಟ್ಟಿದ್ದಾರೆ.

ಕಾರ್ತಿಕ ಕಳೆದಂದಿನಿಂದ ಅಮ್ಮ ಪದೇಪದೇ ಬೀಳುತ್ತಿದ್ದಾರೆ. ಮೊನ್ನೆ ಬೆಳಗಿನ ಹೊತ್ತು ನಡುಮನೆಯಲ್ಲಿ ಬಿದ್ದು ಹುಬ್ಬಿನ ಮೇಲೆ ಗಾಯವಾಗಿ, ತುಟಿ ಒಡೆದಿದೆ. ಕೇಳಿದರೆ "ಏನೋ ಕಾಲು ಜಾರ್ತು ಕಣವ್ವ" ಎನ್ನುತ್ತಾರೆ. ನೆಲ ಒಣಗಿತ್ತು, ಅಡ್ಡಕ್ಕೆ ಏನೂ ಇರಲಿಲ್ಲ. ನನಗೆ ವಿಚಿತ್ರವೆನಿಸಿದ್ದೆಂದರೆ, ಮುಖಕ್ಕೆ ಅಷ್ಟು ಪೆಟ್ಟಾಗಿದ್ದರೂ ಅಂಗೈಯಲ್ಲಿ ಒಂದು ತರಚು ಗಾಯವೂ ಇಲ್ಲ, ಕೈತುಂಬ ಇದ್ದ ಗಾಜಿನ ಬಳೆಗಳಲ್ಲಿ ಒಂದೂ ಒಡೆದಿಲ್ಲ.

ಮನೆಗೆ ಬಂದ ನೆಂಟರೆಲ್ಲ "ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಿ, ಮುಂದಿನ ಸಲ ತಲೆಯೊಳಗೆ ರಕ್ತಸ್ರಾವವಾದರೆ ಯಾರು ಹೊಣೆ" ಎನ್ನುತ್ತಿದ್ದಾರೆ. ಬೀಳುವುದಕ್ಕೂ ಹೃದಯಕ್ಕೂ ಸಂಬಂಧವಿರಬಹುದೆ? ಮಾತ್ರೆ ನಿಲ್ಲಿಸುವುದು ಸರಿಯೆ? ತಿಳಿದವರು ಹೇಳಬೇಕು.

ಒಂಟಿಕೊಪ್ಪಲಿನ ಮೇಷ್ಟರು

ತಂಗಿ, ಎಪ್ಪತ್ತು ದಾಟಿದ ಮೇಲೆ ಬೀಳುವುದಕ್ಕೆ ಒಂದೇ ಕಾರಣ ಹುಡುಕಬಾರದು. ಕಣ್ಣಿನ ಪೊರೆ, ಮಂಡಿನೋವು, ತೊಡೆಯ ಬಲ ಕುಗ್ಗುವುದು, ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟುವುದು, ಸವೆದ ಹವಾಯಿ ಚಪ್ಪಲಿ, ಎತ್ತರದ ಹೊಸ್ತಿಲು, ರಾತ್ರಿ ದೀಪ ಹಾಕದೆ ಬಚ್ಚಲಿಗೆ ಹೋಗುವ ಅಭ್ಯಾಸ, ಇವೆಲ್ಲ ಸೇರಿಕೊಂಡೇ ಮನುಷ್ಯನನ್ನು ಬೀಳಿಸುತ್ತವೆ. ಬಚ್ಚಲಿನಲ್ಲಿ ಹಿಡಿಕೆ, ಮಂಚದಿಂದ ಬಾಗಿಲವರೆಗೆ ಸಣ್ಣ ದೀಪ, ಇವೆರಡನ್ನು ಮೊದಲು ಮಾಡಿಸಿ. ಪ್ರತಿಯೊಂದು ಬೀಳುವಿಕೆಯನ್ನೂ ಹೃದಯದ ತಲೆಗೆ ಕಟ್ಟಿ ಪರೀಕ್ಷೆಗಳ ಸರಮಾಲೆಗೆ ಸಿಲುಕುವುದು ನನಗೆ ಸರಿಕಾಣುವುದಿಲ್ಲ.

ನಿವೃತ್ತ ಶುಶ್ರೂಷಕಿ, ಮೈಸೂರು

ಮೇಷ್ಟರ ಪಟ್ಟಿಯಲ್ಲಿ ತಪ್ಪಿಲ್ಲ. ಹಿಡಿಕೆಯೂ ದೀಪವೂ ಬೇಕೇ ಬೇಕು. ಆದರೆ ಈ ತಾಯಿಯ ಬಳೆ ಒಡೆದಿಲ್ಲ ಎಂಬ ಮಾತನ್ನು ಓದಿದಾಗ ನಾನು ಸುಮ್ಮನಿರಲಾರೆ. ಹೃದ್ರೋಗ ವಾರ್ಡಿನಲ್ಲಿ ಬಹುಕಾಲ ಕೆಲಸ ಮಾಡಿದವಳಾಗಿ ಹೇಳುತ್ತಿದ್ದೇನೆ.

ಎಚ್ಚರವಿರುವ ಮನುಷ್ಯ ಎಡವಿದರೆ ಅಥವಾ ಜಾರಿದರೆ ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಅಂಗೈ ತರಚುತ್ತದೆ, ಮಣಿಕಟ್ಟು ಮುರಿಯುತ್ತದೆ, ಬಳೆ ಚೂರಾಗುತ್ತದೆ. ಕೈಗೆ ಏನೂ ಆಗದೆ ನೇರವಾಗಿ ಹುಬ್ಬು, ಮೂಗು, ತುಟಿಗೆ ಪೆಟ್ಟಾಗಿದ್ದರೆ, ನೆಲ ತಲುಪುವ ಮೊದಲೇ ಆ ವ್ಯಕ್ತಿಗೆ ಎಚ್ಚರ ತಪ್ಪಿತ್ತೇನೋ ಎಂದು ಅನುಮಾನಿಸಲೇಬೇಕು. ಅಮ್ಮ ಕಾಲು ಜಾರಿತು ಎಂದು ಹೇಳುವುದು ಸುಳ್ಳಲ್ಲ. ಕೆಲವೇ ಸೆಕೆಂಡು ಎಚ್ಚರ ತಪ್ಪಿದ ವೃದ್ಧರಲ್ಲಿ ಹಲವರಿಗೆ ಆ ಸೆಕೆಂಡುಗಳ ನೆನಪೇ ಉಳಿಯುವುದಿಲ್ಲ. ತಾನು ನೆಲದ ಮೇಲಿದ್ದೇನೆ ಎಂದು ಗೊತ್ತಾದಾಗ ಮನಸ್ಸು ತನಗೆ ತೋಚಿದ ಕಾರಣವನ್ನು ಕೂಡಿಸಿಕೊಳ್ಳುತ್ತದೆ. ಆದ್ದರಿಂದ ಬಿದ್ದವರ ಮಾತಿಗಿಂತ ನೋಡಿದವರ ಮಾತಿಗೆ ಹೆಚ್ಚು ಬೆಲೆ.

ತಾಳ ತಪ್ಪುವ ಹೃದಯ ಮನುಷ್ಯನನ್ನು ಬೀಳಿಸುವ ದಾರಿಗಳು ಹಲವು. ಬಡಿತ ತೀರಾ ವೇಗವಾದರೆ ಹೃದಯ ತುಂಬಿಕೊಳ್ಳಲು ಸಮಯ ಸಿಗದೆ ಹೊರಹಾಕುವ ರಕ್ತ ಕಡಿಮೆಯಾಗುತ್ತದೆ. ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಸಂದೇಶ ತಲುಪದ ಹಾರ್ಟ್ ಬ್ಲಾಕ್ ಇನ್ನೊಂದು ದಾರಿ. ಬಂದು ಹೋಗುವ ಏಟ್ರಿಯಲ್ ಫಿಬ್ರಿಲೇಷನ್ ಇರುವವರಲ್ಲಿ ಮೂರನೆಯದೊಂದಿದೆ, ಅದನ್ನು ಮನೆಯವರು ತಿಳಿದಿರಬೇಕು. ಬಡಿತವನ್ನು ಹುಟ್ಟಿಸುವ ಸೈನಸ್ ಗಂಟು ಬಲ ಹೃತ್ಕರ್ಣದ, ಅಂದರೆ ಬಲಗಡೆಯ ಮೇಲಿನ ಕೋಣೆಯ, ಮೇಲ್ಭಾಗದಲ್ಲಿದೆ. ಫಿಬ್ರಿಲೇಷನ್ ನಡೆಯುವಷ್ಟು ಹೊತ್ತು ಅಡ್ಡಾದಿಡ್ಡಿ ಮಿಂಚುವ ವಿದ್ಯುತ್ತು ಆ ಗಂಟನ್ನು ಅದುಮಿಟ್ಟಿರುತ್ತದೆ. ಫಿಬ್ರಿಲೇಷನ್ ಒಮ್ಮೆಗೇ ನಿಂತಾಗ ಗಂಟು ಎದ್ದು ತನ್ನ ಕೆಲಸ ಹಿಡಿಯಬೇಕು. ವಯಸ್ಸಿನಿಂದ ಸವೆದ ಗಂಟಾದರೆ ಅದಕ್ಕೆ ಕೆಲವು ಸೆಕೆಂಡು ಹಿಡಿಯುತ್ತದೆ; ಅಷ್ಟು ಹೊತ್ತು ಹೃದಯ ಬಡಿಯುವುದೇ ಇಲ್ಲ. ಮಿದುಳಿಗೆ ರಕ್ತ ನಿಂತು ಆರೆಂಟು ಸೆಕೆಂಡಾದರೆ ಎಚ್ಚರ ತಪ್ಪುತ್ತದೆ, ಅದಕ್ಕಿಂತ ಮೊದಲೇ ಕಣ್ಣು ಕತ್ತಲಿಟ್ಟು ಕಾಲು ಸೋಲುತ್ತದೆ. ಬಡಿತ ತಗ್ಗಿಸುವ ಮಾತ್ರೆ ಈ ವಿರಾಮವನ್ನು ಇನ್ನಷ್ಟು ಉದ್ದ ಮಾಡಬಲ್ಲದು.

ಅವರು ಬಿದ್ದದ್ದನ್ನು ಮನೆಯಲ್ಲಿ ಯಾರಾದರೂ ಕಣ್ಣಾರೆ ಕಂಡಿದ್ದಾರೆಯೆ, ವಿಚಾರಿಸಿ ಬರೆಯಿರಿ.

ಪಾಂಡವಪುರದ ಮಗಳು

ಅತ್ತಿಗೆಯನ್ನು ಕೇಳಿದೆ. ಕೆಲವು ದಿನಗಳ ಹಿಂದೆ ಇಬ್ಬರೂ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಾಗ ಅಮ್ಮನ ಮಾತು ನಡುವೆಯೇ ನಿಂತಿತಂತೆ. ಮುಖ ಸುಣ್ಣದಂತೆ ಬಿಳಿಚಿಕೊಂಡು, ತಲೆ ಎದೆಯ ಮೇಲೆ ವಾಲಿ, ಕೈಯಲ್ಲಿದ್ದ ಕಾಯಿ ಜಾರಿಬಿತ್ತು. ಅತ್ತಿಗೆ ಕೂಗಿಕೊಳ್ಳುವಷ್ಟರಲ್ಲಿ ಎಚ್ಚರವಾಗಿ, ಮುಖವೆಲ್ಲ ಕೆಂಪೇರಿ, "ಯಾಕ್ ಕೂಗೀಯೆ" ಎಂದು ಅವರನ್ನೇ ಕೇಳಿದರಂತೆ. ಪಿತ್ತಕ್ಕೆ ಬವಳಿ ಬಂದಿರಬೇಕೆಂದು ನಿಂಬೆಹಣ್ಣಿನ ಪಾನಕ ಕೊಟ್ಟು ಸುಮ್ಮನಾಗಿದ್ದಾರೆ.

ನಿವೃತ್ತ ಶುಶ್ರೂಷಕಿ, ಮೈಸೂರು

ಹಾಗಿದ್ದರೆ ಇದನ್ನು ಮುಂದಕ್ಕೆ ಹಾಕಬೇಡಿ. ಎದ್ದು ನಿಂತಾಗ ರಕ್ತದೊತ್ತಡ ಇಳಿದು ಬೀಳುವವರು ಬಹಳ ಮಂದಿ. ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಅದನ್ನು ದೋಷವೆಂದು ಪರಿಗಣಿಸುತ್ತಾರೆ. ಆದರೆ ಕುಳಿತಲ್ಲಿಯೇ, ಮುನ್ಸೂಚನೆಯಿಲ್ಲದೆ, ಬಿಳಿಚಿಕೊಂಡು ಎಚ್ಚರ ತಪ್ಪಿ, ಕ್ಷಣದಲ್ಲಿ ಕೆಂಪೇರಿ ಏಳುವುದು ಅದರ ಲಕ್ಷಣವಲ್ಲ. ರಕ್ತ ಹರಿಯುವುದು ನಿಂತು ಮತ್ತೆ ನುಗ್ಗಿದಾಗ ಕಾಣುವ ಬಣ್ಣ ಅದು.

ನಾಳೆಯೇ ಹೃದ್ರೋಗ ತಜ್ಞರಿಗೆ ತೋರಿಸಿ. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಾದರೂ ಸರಿ, ಮೈಸೂರಿನ ಕೆ.ಆರ್.ಎಸ್. ರಸ್ತೆಯ ಜಯದೇವ ಆಸ್ಪತ್ರೆಯಾದರೂ ಸರಿ, ನಿಮಗೆ ಯಾವುದು ಬೇಗ ತಲುಪಲು ಸಾಧ್ಯವೋ ಅಲ್ಲಿಗೆ ಹೋಗಿ. ಮತ್ತೆ ಎಚ್ಚರ ತಪ್ಪಿದರೆ ನಾಳೆಯವರೆಗೂ ಕಾಯದೆ 108ಕ್ಕೆ ಕರೆ ಮಾಡಿ. ಇ.ಸಿ.ಜಿ. ನಾರ್ಮಲ್ ಬಂದಿದೆ ಎಂದು ಹೇಳಿ ಕಳುಹಿಸಿದರೆ ಅಷ್ಟಕ್ಕೇ ಸಮಾಧಾನಪಟ್ಟುಕೊಳ್ಳಬೇಡಿ. ಸಾಮಾನ್ಯ ಇ.ಸಿ.ಜಿ. ಸುಮಾರು 10 ಸೆಕೆಂಡಿನ ಬಡಿತವನ್ನಷ್ಟೇ ದಾಖಲಿಸುತ್ತದೆ, ಬಂದು ಹೋಗುವ ಕಳ್ಳ ಆ 10 ಸೆಕೆಂಡಿನಲ್ಲೇ ಸಿಗಬೇಕೆಂದಿಲ್ಲ. ಹೋಲ್ಟರ್ ಎಂಬ ಯಂತ್ರವನ್ನು ಎದೆಗೆ ಅಂಟಿಸಿ 24 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ದಾಖಲಿಸಬೇಕಾಗುತ್ತದೆ. ಅದರಲ್ಲಿಯೂ ಸಿಗದೆ, ಬೀಳುವುದು ತಿಂಗಳಿಗೊಮ್ಮೆಯೋ ಅಪರೂಪಕ್ಕೊಮ್ಮೆಯೋ ಆಗುತ್ತಿದ್ದರೆ, ಚರ್ಮದಡಿ ಇಡುವ ಲೂಪ್ ರೆಕಾರ್ಡರ್ ಎಂಬ ಪುಟ್ಟ ಸಾಧನವಿದೆ. ಹೋಗುವಾಗ ಅತ್ತಿಗೆಯನ್ನೂ ಕರೆದುಕೊಂಡು ಹೋಗಿ, ಜಗಲಿಯಲ್ಲಿ ಕಂಡದ್ದನ್ನು ಅವರ ಬಾಯಿಂದಲೇ ಹೇಳಿಸಿ.

ಕುಕ್ಕರಹಳ್ಳಿ ಕೆರೆಯ ನಡಿಗೆಯವ

ಮಾತ್ರೆ ನಿಲ್ಲಿಸುವ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ನನಗೆ 74, ನಾನೂ ಇದೇ ಕಾಯಿಲೆಗೆ ಇದೇ ಮಾತ್ರೆ ನುಂಗುವವನು. ಕೆರೆಯ ಏರಿಯ ಮೇಲೆ ನಡೆಯುವಾಗ ಈ ವಿಷಯದಲ್ಲಿ ನನಗೆ ಸಿಕ್ಕಷ್ಟು ಉಚಿತ ಸಲಹೆ ಬೇರಾವ ವಿಷಯದಲ್ಲಿಯೂ ಸಿಕ್ಕಿಲ್ಲ.

ಏಟ್ರಿಯಲ್ ಫಿಬ್ರಿಲೇಷನ್ನಿನಲ್ಲಿ ಮೇಲಿನ ಕೋಣೆ ಸರಿಯಾಗಿ ಕುಗ್ಗದೆ ನಡುಗುತ್ತಿರುವುದರಿಂದ ಅದರ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋಗಿ ಲಕ್ವ ಹೊಡೆಯುತ್ತದೆ. ಈ ಅಪಾಯ ಉಳಿದವರಿಗಿಂತ ಸುಮಾರು ಐದು ಪಟ್ಟು. ಯಾರಿಗೆ ಎಷ್ಟು ಅಪಾಯ ಎಂದು ಅಳೆಯಲು ವೈದ್ಯರು ಅಂಕ ಹಾಕುತ್ತಾರೆ: 75 ದಾಟಿದ್ದಕ್ಕೆ 2, ರಕ್ತದೊತ್ತಡಕ್ಕೆ 1. ಹೆಣ್ಣಾಗಿರುವುದಕ್ಕೆ ಹಿಂದೆ ಇನ್ನೊಂದು ಅಂಕವಿತ್ತು, ಯುರೋಪಿನ 2024ರ ಮಾರ್ಗಸೂಚಿ ಅದನ್ನು ಕೈಬಿಟ್ಟಿದೆ. ಅದನ್ನು ಬಿಟ್ಟು ಲೆಕ್ಕ ಹಾಕಿದರೂ ನಿಮ್ಮ ತಾಯಿಗೆ 3 ಅಂಕ, ಮಾತ್ರೆ ಬೇಕೆನ್ನಲು 2 ಸಾಕು.

ಬೀಳುವವರಿಗೆ ಈ ಬಗೆಯ ಮಾತ್ರೆ ಕೊಡಬಹುದೆ ಎಂದು ಕೆನಡಾದ ಸಂಶೋಧಕರು ಲೆಕ್ಕ ಹಾಕಿ 1999ರಲ್ಲಿ ಪ್ರಕಟಿಸಿದ್ದರು. ರಕ್ತ ತೆಳು ಮಾಡುವ ಹಳೆಯ ಮಾತ್ರೆಯಾದ ವಾರ್ಫರಿನ್‌ನಿಂದ ಆಗುವ ಲಾಭಕ್ಕಿಂತ ಬಿದ್ದು ತಲೆಯೊಳಗೆ ರಕ್ತಸ್ರಾವವಾಗುವ ನಷ್ಟ ಹೆಚ್ಚಾಗಬೇಕಾದರೆ ಒಬ್ಬರು ವರ್ಷಕ್ಕೆ ಸುಮಾರು 295 ಸಲ ಬೀಳಬೇಕಾಗುತ್ತದೆ ಎಂಬುದು ಅವರ ಲೆಕ್ಕ. ಇದು ಗಣಿತದ ಮಾದರಿಯೇ ಹೊರತು ಬಿದ್ದವರನ್ನು ಎಣಿಸಿದ್ದಲ್ಲ, ಆದ್ದರಿಂದ ಆ ಸಂಖ್ಯೆಯನ್ನು ಮಂತ್ರದಂತೆ ಜಪಿಸಬೇಕಿಲ್ಲ. ಆದರೆ ತಕ್ಕಡಿ ಎತ್ತ ವಾಲುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಎಪಿಕ್ಸಾಬಾನ್‌ನಂಥ ಹೊಸ ಮಾತ್ರೆಗಳಲ್ಲಿ ತಲೆಯೊಳಗಿನ ರಕ್ತಸ್ರಾವ ವಾರ್ಫರಿನ್‌ಗಿಂತಲೂ ಕಡಿಮೆ.

"ಅದರ ಬದಲು ಆಸ್ಪಿರಿನ್ ಕೊಡಿ, ಸೌಮ್ಯವಾದದ್ದು" ಎನ್ನುವವರೂ ಸಿಗುತ್ತಾರೆ. 2011ರಲ್ಲಿ ಪ್ರಕಟವಾದ ಅವೆರೋಸ್ ಎಂಬ ಪ್ರಯೋಗದಲ್ಲಿ ಇವೆರಡನ್ನೂ ಹೋಲಿಸಿ ನೋಡಿದ್ದಾರೆ. ಎಪಿಕ್ಸಾಬಾನ್ ನುಂಗಿದವರಲ್ಲಿ ಲಕ್ವ ಅರ್ಧಕ್ಕಿಂತ ಕೆಳಗಿಳಿಯಿತು, ದೊಡ್ಡ ರಕ್ತಸ್ರಾವ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಬೀಳುವ ಕಾರಣವನ್ನು ಹುಡುಕಿ ನಿಲ್ಲಿಸಿ, ಮಾತ್ರೆಯನ್ನು ನಿಲ್ಲಿಸಬೇಡಿ ಎಂಬುದೇ ನನ್ನ ಮಾತು.

ಮದ್ದೂರಿನ ಔಷಧ ಅಂಗಡಿ

ಹಿಂದಿನವರು ಹೇಳಿದ್ದಕ್ಕೆ ಅಂಗಡಿಯ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ. ಭಯಕ್ಕೆ ಬಿದ್ದು ಎಪಿಕ್ಸಾಬಾನ್ ಅನ್ನು ತಾವೇ ಅರ್ಧಕ್ಕೆ ಇಳಿಸುವವರನ್ನು ನೋಡುತ್ತೇನೆ. ವಯಸ್ಸು 80 ಅಥವಾ ಮೇಲೆ, ತೂಕ 60 ಕಿಲೋ ಅಥವಾ ಕಡಿಮೆ, ಮೂತ್ರಪಿಂಡದ ಕೆಲಸ ತೋರಿಸುವ ರಕ್ತದ ಕ್ರಿಯಾಟಿನಿನ್ 1.5 ಅಥವಾ ಹೆಚ್ಚು, ಈ ಮೂರರಲ್ಲಿ ಎರಡಾದರೂ ಇದ್ದರೆ ಮಾತ್ರ 5 ಮಿಲಿಗ್ರಾಂ ಬದಲು 2.5 ಮಿಲಿಗ್ರಾಂ ಎಂಬ ನಿಯಮವಿದೆ, ಅದನ್ನೂ ವೈದ್ಯರೇ ನೋಡಿ ಬರೆಯಬೇಕು. ಇದಕ್ಕಿಂತ ದೊಡ್ಡ ಅಪಾಯ ಮಂಡಿನೋವಿಗೆಂದು ಚೀಟಿಯಿಲ್ಲದೆ ಕೇಳುವ ಡೈಕ್ಲೋಫಿನಾಕ್. ರಕ್ತ ತೆಳು ಮಾಡುವ ಮಾತ್ರೆಯ ಜೊತೆ ಅದು ಸೇರಿದರೆ ಹೊಟ್ಟೆಯಲ್ಲಿ ರಕ್ತ ಸೋರಿ, ರಕ್ತಹೀನತೆಯಾಗಿ, ಅದರಿಂದಲೇ ತಲೆಸುತ್ತು ಬಂದು ಬೀಳುವವರಿದ್ದಾರೆ.

ಬೀಳಿಸುವ ಔಷಧಿಗಳು ಬೇರೆಯೂ ಇವೆ. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್, ಮೂತ್ರ ಹೆಚ್ಚಿಸುವ ಮಾತ್ರೆ, ನಿದ್ದೆಗೆಂದು ರೂಢಿಯಾದ ಆಲ್‌ಪ್ರಜೋಲಮ್, ಮರೆವಿಗೆ ಕೊಡುವ ಡೊನೆಪೆಜಿಲ್ ಇವನ್ನೆಲ್ಲ ವೈದ್ಯರ ಮುಂದೆ ಇಡಬೇಕು. ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿ, ಏಕಾದಶಿಯೆಂದು ನೀರನ್ನೂ ಮುಟ್ಟದೆ ಕುಳಿತವರು ಸಂಜೆ ದೇವರ ಮನೆಯಿಂದ ಏಳುವಾಗ ಕುಸಿಯುವುದರಲ್ಲಿ ಆಶ್ಚರ್ಯವಿಲ್ಲ. ಇಬ್ಬರು ವೈದ್ಯರು ಬೇರೆಬೇರೆ ಕಂಪನಿಯ ಹೆಸರಿನಲ್ಲಿ ಒಂದೇ ಮೆಟೊಪ್ರೊಲಾಲ್ ಬರೆದು, ರೋಗಿ ಎರಡನ್ನೂ ನುಂಗುತ್ತಿರುವುದನ್ನು ಚೀಟಿಗಳನ್ನು ಪಕ್ಕಪಕ್ಕ ಇಟ್ಟಾಗಲೇ ಕಂಡುಹಿಡಿಯಲು ಸಾಧ್ಯ.

ಪಾಂಡವಪುರದ ಅಕ್ಕ, ಒಂದು ವಿಚಾರ ಕೇಳಬೇಕಿತ್ತು. ಅಮ್ಮನವರು ಕಣ್ಣಿಗೆ ಏನಾದರೂ ಹನಿ ಹಾಕುತ್ತಿದ್ದಾರೆಯೆ?

ಪಾಂಡವಪುರದ ಮಗಳು

ಹೌದು, ಕಣ್ಣಿನ ನರ ಕೆಡಿಸುವ ಗ್ಲಾಕೋಮಾ ಇದೆಯೆಂದು ಶಿಬಿರವೊಂದರಲ್ಲಿ ಹೇಳಿ ಟಿಮೊಲಾಲ್ ಹನಿ ಬರೆದುಕೊಟ್ಟಿದ್ದರು. ದಿನಕ್ಕೆರಡು ಹೊತ್ತು ಹಾಕುತ್ತಿದ್ದಾರೆ. ಹೃದಯದ ವೈದ್ಯರಿಗೆ ಅದನ್ನು ಯಾರೂ ಹೇಳಿರಲಿಕ್ಕಿಲ್ಲ. ಕಣ್ಣಿನ ಔಷಧಿ ಎದೆಗೇಕೆ ಎಂಬ ಭಾವನೆ.

ಮದ್ದೂರಿನ ಔಷಧ ಅಂಗಡಿ

ಟಿಮೊಲಾಲ್ ಕೂಡ ಮೆಟೊಪ್ರೊಲಾಲ್ ಕುಲದ ಔಷಧಿಯೇ. ಕಣ್ಣಿಗೆ ಬಿದ್ದ ಹನಿ ಕಣ್ಣೀರಿನ ನಾಳದ ಮೂಲಕ ಮೂಗಿಗಿಳಿದು, ಅಲ್ಲಿಂದ ನೇರವಾಗಿ ರಕ್ತ ಸೇರಿ ಹೃದಯದ ಬಡಿತವನ್ನು ಇಳಿಸಬಲ್ಲದು. ಎರಡೂ ಸೇರಿದಾಗ ಸವೆದ ಗಂಟಿಗೆ ದುಪ್ಪಟ್ಟು ಭಾರ. ಆದರೆ ನೀವಾಗಿ ನಿಲ್ಲಿಸಬೇಡಿ, ಗ್ಲಾಕೋಮಾ ಕಣ್ಣನ್ನೇ ತೆಗೆದುಬಿಡುತ್ತದೆ. ಬಡಿತ ಇಳಿಸದ ಬೇರೆ ಹನಿಗಳಿವೆ, ಕಣ್ಣಿನ ವೈದ್ಯರು ಬದಲಿಸಿಕೊಡುತ್ತಾರೆ. ಅಲ್ಲಿಯವರೆಗೆ ಹನಿ ಹಾಕಿದ ಕೂಡಲೇ ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳ ತುದಿಯಿಂದ ಎರಡು ಮೂರು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ರಕ್ತಕ್ಕೆ ಸೇರುವ ಪ್ರಮಾಣ ಬಹಳ ಕಡಿಮೆಯಾಗುತ್ತದೆ.

ಶ್ರೀರಂಗಪಟ್ಟಣದವ

ಮಧ್ಯೆ ಕೇಳುತ್ತಿರುವುದಕ್ಕೆ ಕ್ಷಮೆಯಿರಲಿ. ನನ್ನ ತಂದೆಯವರು ರಕ್ತ ತೆಳು ಮಾಡುವ ಹಳೆಯ ಮಾತ್ರೆ ಅಸಿಟ್ರೋಮ್ ನುಂಗುತ್ತಿದ್ದಾರೆ, ಪದೇಪದೇ ರಕ್ತಪರೀಕ್ಷೆಯ ಗೋಳು. ಸೊಪ್ಪು ತಿನ್ನಬಾರದೆಂದು ಹೇಳಿ ಬಸ್ಸಾರನ್ನೇ ಬಿಡಿಸಿದ್ದೇವೆ. ಇಲ್ಲಿ ಹೇಳಿದ ಹೊಸ ಮಾತ್ರೆಗೆ ಬದಲಾಯಿಸಬಹುದೆ?

ನಿವೃತ್ತ ಶುಶ್ರೂಷಕಿ, ಮೈಸೂರು

ಅವರಿಗೆ ಕೀಲುವಾತ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ಕಿರಿದಾಗಿದೆಯೆ ಅಥವಾ ಲೋಹದ ಕವಾಟ ಹಾಕಿದ್ದಾರೆಯೆ ಎಂದು ಮೊದಲು ಕೇಳಿ ತಿಳಿಯಿರಿ. ಹಾಗಿದ್ದರೆ ಹೊಸ ಮಾತ್ರೆಗಳು ಅವರಿಗೆ ಹೊಂದುವುದಿಲ್ಲ, ಅಸಿಟ್ರೋಮ್ ಅಥವಾ ವಾರ್ಫರಿನ್ ಬೇಕು. ಹಾಗಿಲ್ಲದಿದ್ದರೂ, ತೀರಾ ನಿತ್ರಾಣರಾದ ವೃದ್ಧರಲ್ಲಿ ಸರಿಹೊಂದಿ ನಡೆಯುತ್ತಿರುವ ಹಳೆಯ ಮಾತ್ರೆಯನ್ನು ಸುಮ್ಮನೆ ಬದಲಾಯಿಸಿದಾಗ ರಕ್ತಸ್ರಾವ ಹೆಚ್ಚಾಯಿತೆಂದು ನೆದರ್ಲೆಂಡ್ಸ್‌ನ 2023ರ ಪ್ರಯೋಗವೊಂದು ತೋರಿಸಿದೆ. ಬಸ್ಸಾರನ್ನು ಬಿಡಿಸುವ ಅಗತ್ಯವಿರಲಿಲ್ಲ. ಸೊಪ್ಪಿನಲ್ಲಿರುವ ಕೆ ಜೀವಸತ್ವ ಮಾತ್ರೆಗೆ ಎದುರು ನಿಲ್ಲುತ್ತದೆ ಎಂಬುದು ನಿಜ; ಆದರೆ ವಾರವೆಲ್ಲ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರೆ ವೈದ್ಯರು ಅದಕ್ಕೆ ತಕ್ಕಂತೆ ಮಾತ್ರೆ ಹೊಂದಿಸುತ್ತಾರೆ. ಒಂದು ವಾರ ಏನೂ ತಿನ್ನದೆ ಮುಂದಿನ ವಾರ ದಿನವೂ ದಂಟಿನ ಸೊಪ್ಪು ತಿಂದಾಗಲೇ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ತೋರಿಸುವ ಐ.ಎನ್.ಆರ್. ಅಂಕಿ ಏರುಪೇರಾಗುವುದು.

ಸರಸ್ವತಿಪುರಂ ಫಿಸಿಯೋಥೆರಪಿಸ್ಟ್

ಆಸ್ಪತ್ರೆಗೆ ಹೋಗುವವರೆಗೆ ಮನೆಯಲ್ಲಿ ಏನು ಮಾಡಬೇಕೆಂಬುದನ್ನು ಹೇಳುತ್ತೇನೆ. ಮತ್ತೆ ಹಾಗಾದರೆ ಎತ್ತಿ ಕೂರಿಸುವ ಅವಸರ ಬೇಡ. ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ, ಅದರಿಂದ ಮಿದುಳಿಗೆ ರಕ್ತ ಇನ್ನೂ ಕಡಿಮೆಯಾಗುತ್ತದೆ. ಮೊದಲು ಉಸಿರಾಡುತ್ತಿದ್ದಾರೆಯೆ ನೋಡಿ. ಉಸಿರಿದ್ದರೆ ಅಂಗಾತ ಮಲಗಿಸಿ, ಕಾಲುಗಳನ್ನು ದಿಂಬಿನ ಮೇಲೆತ್ತಿಡಿ. ಬಾಯಿಗೆ ನೀರು ಹಾಕಬೇಡಿ. ಕೈಗೆ ಬೀಗದಕೈ ಕೊಡುವುದರಿಂದ ಪ್ರಯೋಜನವಿಲ್ಲ; ಆ ಕೈಯನ್ನು ಹಿಡಿದು ಹೆಬ್ಬೆರಳ ಬುಡದ ಕೆಳಗೆ ಮೂರು ಬೆರಳಿಟ್ಟು ನಾಡಿ ನೋಡಿ. ಉಸಿರಾಟ ಇಲ್ಲದಿದ್ದರೆ ಎದೆಯ ನಡುವೆ ಜೋರಾಗಿ ಒತ್ತಲು ಆರಂಭಿಸಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಮಾಮೂಲಿ ದಿನಗಳಲ್ಲಿ ನಾಡಿ ಎಣಿಸುವಾಗ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬಾರದು; ತಾಳ ತಪ್ಪಿದ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು.

ಇನ್ನು ಬಿದ್ದವರನ್ನು ಮಂಚದಿಂದ ಏಳದಂತೆ ಕಾಯುವುದು ನಮ್ಮ ಮನೆಗಳ ದೊಡ್ಡ ಪ್ರೀತಿ. ಅದರಿಂದ ತೊಡೆಯ ಬಲ ಕೆಲವೇ ವಾರಗಳಲ್ಲಿ ಕರಗಿ, ಹೃದಯ ಸರಿಯಾದ ಮೇಲೂ ಬೀಳುವಂತಾಗುತ್ತದೆ. ಹಗಲಿನಲ್ಲಿ ಒಬ್ಬರು ಜೊತೆಗಿದ್ದು ನಡೆಸಿ. ಏಳುವ ಮೊದಲು ಮಂಚದ ಅಂಚಿನಲ್ಲಿ ಕುಳಿತು ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ಆಮೇಲೆ ನಿಲ್ಲಲಿ. ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕದಿರಲಿ. ಎಪಿಕ್ಸಾಬಾನ್ ನುಂಗುವವರ ತಲೆಗೆ ಪೆಟ್ಟು ಬಿದ್ದಿದ್ದರೆ ಆ ದಿನವೇ ಆಸ್ಪತ್ರೆಯಲ್ಲಿ ತೋರಿಸಿ ಸಿ.ಟಿ. ಸ್ಕ್ಯಾನ್ ಬಗ್ಗೆ ಕೇಳಬೇಕು. ನಿಮ್ಮಲ್ಲಿ ಅದಿನ್ನೂ ಆಗದಿದ್ದರೆ ಇವತ್ತೇ ಮಾಡಿಸಿ. ತಲೆಬುರುಡೆಯೊಳಗೆ ನಿಧಾನವಾಗಿ ಸೋರುವ ರಕ್ತ ಕೆಲವು ವಾರಗಳ ನಂತರ ತಲೆನೋವು, ಮಂಕು, ಒಂದು ಕಡೆಯ ಬಲಹೀನತೆಯಾಗಿ ಕಾಣಿಸುವುದುಂಟು.

ಪಾಂಡವಪುರದ ಮಗಳು

ತಿಳಿಸಿದವರೆಲ್ಲರಿಗೂ ಋಣಿ. ಸಿ.ಟಿ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇರಲಿಲ್ಲ. ಹೊರರೋಗಿ ವಿಭಾಗದ ಇ.ಸಿ.ಜಿ. ಸರಿಯಾಗಿಯೇ ಇತ್ತು. ಅತ್ತಿಗೆ ಅವರೆಕಾಯಿಯ ಪ್ರಸಂಗ ಹೇಳಿದ ಮೇಲೆ ವೈದ್ಯರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, ಮತ್ತೊಮ್ಮೆ ಮೊದಲಿನಿಂದ ಹೇಳಿಸಿ, ಹೋಲ್ಟರ್ ಹಾಕಿಸಿದರು. ಫಿಬ್ರಿಲೇಷನ್ ನಿಂತ ಕೂಡಲೇ ಆರು ಸೆಕೆಂಡಿಗೂ ಮೀರಿದ ವಿರಾಮ ಅದರಲ್ಲಿ ಸಿಕ್ಕಿತು. ಒಳರೋಗಿಯಾಗಿ ಸೇರಿಸಿಕೊಂಡು, ಮೆಟೊಪ್ರೊಲಾಲ್ ತಡೆಹಿಡಿದು, ಕಣ್ಣಿನ ವೈದ್ಯರಿಂದ ಹನಿ ಬದಲಿಸಿ, ಮಾನಿಟರ್ ಹಾಕಿ ನೋಡಿದರು. ವಿರಾಮಗಳು ಮೊದಲಿಗಿಂತ ಚಿಕ್ಕವಾದರೂ ಪೂರ್ತಿ ಹೋಗಲಿಲ್ಲ. ಇತ್ತ ಮಾತ್ರೆ ಇಲ್ಲದ್ದರಿಂದ ಫಿಬ್ರಿಲೇಷನ್ ಬಂದಾಗ ಬಡಿತ 140ಕ್ಕೆ ಏರುತ್ತಿದೆ. ಬಡಿತ ನಿಂತಾಗ ಹೃದಯವನ್ನು ಬಡಿಸುವ ಯಂತ್ರವಾದ ಪೇಸ್‌ಮೇಕರ್ ಹಾಕಿದರೆ ವಿರಾಮದ ಭಯವಿಲ್ಲದೆ ಮೆಟೊಪ್ರೊಲಾಲ್ ಮತ್ತೆ ಕೊಡಬಹುದು ಎಂದಿದ್ದಾರೆ. ಎಪಿಕ್ಸಾಬಾನ್ ಮುಂದುವರಿಯಬೇಕೆಂದೂ, ಶಸ್ತ್ರಕ್ರಿಯೆಯ ದಿನ ಯಾವ ಹೊತ್ತಿನದು ಬಿಡಬೇಕೆಂದು ತಾವೇ ಹೇಳುತ್ತೇವೆಂದೂ ತಿಳಿಸಿದ್ದಾರೆ. ಈ ವಯಸ್ಸಿನಲ್ಲಿ ಎದೆಗೆ ಯಂತ್ರವೇಕೆ ಎಂದು ಅಣ್ಣ ಹಿಂಜರಿಯುತ್ತಿದ್ದಾನೆ.

ಒಂಟಿಕೊಪ್ಪಲಿನ ಮೇಷ್ಟರು

ಅಣ್ಣನಿಗೆ ಇಷ್ಟು ಹೇಳು, ತಂಗಿ. ದೇಹದೊಳಗೆ ಪೇಸ್‌ಮೇಕರ್ ಹಾಕಿಸಿಕೊಂಡವರಲ್ಲಿ ಮೊದಲಿಗರು ಸ್ವೀಡನ್‌ನ ಆರ್ನೆ ಲಾರ್ಸನ್. 1958ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಹಾಕಿದ ಆ ಮೊದಲ ಯಂತ್ರ ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಆಮೇಲೆ ಒಂದರ ನಂತರ ಒಂದು ಬದಲಾಯಿಸಿಕೊಳ್ಳುತ್ತ 2001ರವರೆಗೆ ಬದುಕಿದರು, 86 ವರ್ಷ. ಆ ಮೊದಲ ಯಂತ್ರ ರೂಪಿಸಿದ ಎಂಜಿನಿಯರ್, ಹಾಕಿದ ಶಸ್ತ್ರವೈದ್ಯರು ಇಬ್ಬರಿಗಿಂತಲೂ ಹೆಚ್ಚು ಕಾಲ. ಈಗಿನದು ಬೆಂಕಿಪೊಟ್ಟಣಕ್ಕಿಂತ ತೆಳ್ಳಗಿರುತ್ತದೆ, ಬ್ಯಾಟರಿ ಸಾಮಾನ್ಯವಾಗಿ ಎಂಟು ಹತ್ತು ವರ್ಷ ಬಾಳುತ್ತದೆ. ಬಚ್ಚಲಿನ ಹಿಡಿಕೆಯನ್ನು ಮಾತ್ರ ಇದರ ಜೊತೆಗೇ ಹಾಕಿಸಿ, ಪೇಸ್‌ಮೇಕರ್ ಮಂಡಿನೋವನ್ನು ಸರಿಮಾಡುವುದಿಲ್ಲ.

ಪಾಂಡವಪುರದ ಮಗಳು

ಮುಂದಿನ ವಾರ ಹಾಕುತ್ತಾರೆ, ಅಣ್ಣ ಒಪ್ಪಿದ್ದಾನೆ. ಅಮ್ಮನ ಪ್ರಶ್ನೆಗಳು ಬೇರೆ: ಕೊಟ್ಟಿಗೆಯಲ್ಲಿ ಹಾಲು ಕರೆಯಬಹುದೆ, ಇಂಡಕ್ಷನ್ ಒಲೆಯ ಮುಂದೆ ನಿಲ್ಲಬಹುದೆ, ಮೊಬೈಲ್ ರವಿಕೆಯೊಳಗೆ ಇಟ್ಟುಕೊಳ್ಳಬಹುದೆ?

ನಿವೃತ್ತ ಶುಶ್ರೂಷಕಿ, ಮೈಸೂರು

ಮೊಬೈಲನ್ನು ರವಿಕೆಯೊಳಗೆ ಇಡುವುದು ಬೇಡವೇ ಬೇಡ. ಯಂತ್ರದಿಂದ 15 ಸೆಂಟಿಮೀಟರ್ ದೂರವಿರಲಿ, ಮಾತನಾಡುವಾಗ ಯಂತ್ರವಿಲ್ಲದ ಕಡೆಯ ಕಿವಿಗೆ ಹಿಡಿಯಲಿ. ಇಂಡಕ್ಷನ್ ಒಲೆಯಿಂದ ಎರಡು ಅಡಿ ಹಿಂದೆ ನಿಲ್ಲಬೇಕು, ಗ್ಯಾಸ್ ಒಲೆಗೆ ಅಡ್ಡಿಯಿಲ್ಲ. ತಂತಿ ಹೃದಯದ ಗೋಡೆಗೆ ಕಚ್ಚಿಕೊಳ್ಳುವವರೆಗೆ, ಅಂದರೆ ಮೊದಲ ನಾಲ್ಕಾರು ವಾರ, ಯಂತ್ರವಿರುವ ಕಡೆಯ ಕೈಯನ್ನು ಭುಜಕ್ಕಿಂತ ಮೇಲೆತ್ತಬಾರದು, ಬಿಂದಿಗೆ ಹೊರಬಾರದು. ಹಾಗೆಂದು ಕೈಯನ್ನು ಕಟ್ಟಿಹಾಕಿದಂತೆಯೂ ಇಡಬಾರದು, ಭುಜ ಹಿಡಿದುಕೊಳ್ಳುತ್ತದೆ. ಹಾಲು ಕರೆಯುವುದನ್ನು ಆ ಅವಧಿ ಮುಗಿದ ಮೇಲೆ ವೈದ್ಯರನ್ನು ಕೇಳಿ ಶುರುಮಾಡಲಿ, ಹಸು ಒದೆಯುವ ಸ್ವಭಾವದ್ದಾದರೆ ಅತ್ತಿಗೆಯೇ ಕರೆಯಲಿ. ಆಸ್ಪತ್ರೆಯವರು ಒಂದು ಗುರುತಿನ ಚೀಟಿ ಕೊಡುತ್ತಾರೆ. ಅದರ ನಕಲೊಂದನ್ನು ಅಮ್ಮನ ಎಲೆಅಡಿಕೆ ಚೀಲದಲ್ಲಿ, ಮತ್ತೊಂದನ್ನು ನಿಮ್ಮ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ, ಎಂ.ಆರ್.ಐ. ಮಾಡಿಸಬೇಕಾದಾಗ ಮೊದಲು ಕೇಳುವುದು ಅದನ್ನೇ.